ಭಾನುವಾರದ ಲೆಕ್ಕ

"ಇದೇನು?"

"ಏಪ್ರಿಲ್."

"ಇದು ತೋಳು ಅಲ್ವಾ?"

"ತೋಳೇ. ಏಪ್ರಿಲ್ ಲೆಕ್ಕ ತೋಳಿನ ಮೇಲಿದೆ. ಮೇ ತಿಂಗಳದ್ದು ಕಾಲರ್ ಮೇಲೆ. ಜೂನ್... ತಡೀರಿ, ಜೂನ್ ಎಲ್ಲೋ ಲಂಗದೊಳಗಿರಬೇಕು!"

ಮೇಜಿನ ಆಚೆ ಕುಳಿತಿದ್ದ ಕೆಲೆಪಿ ತುಟಿ ಕಚ್ಚಿಕೊಂಡ. ತುಟಿಗಳೇನೋ ಮಾತು ಕೇಳಿದವು, ಆದರೆ ಕಣ್ಣುಗಳು ನಕ್ಕೇಬಿಟ್ಟವು. ಅದನ್ನು ನೋಡಿದ ಸಿಲಿಯಾಳ ಕಿವಿಗಳು ಬಿಸಿಯಾದವು.

'ನಗ್ತಾನೆ! ಇಷ್ಟು ಜನರ ಎದುರು... ನಗಲಿ, ನಗಲಿ.'

ಓಟಾಹುಹುವಿನ ನಮ್ಮ ಚರ್ಚಿನ ಹಾಲಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಕೆಲೆಪಿ ಒಂದು ಮೇಜು ಹಾಕಿಕೊಂಡು ಕೂರುತ್ತಾನೆ. ವಾರವೆಲ್ಲ ಲೆಕ್ಕಪತ್ರದ ಆಫೀಸಿನ ಕೆಲಸ. ಶನಿವಾರ ಮಾತ್ರ ದೇವರ ಹೆಸರಿನಲ್ಲಿ, ಟೋಂಗಾ ದ್ವೀಪಗಳಿಂದ ಇಲ್ಲಿಗೆ ವಲಸೆ ಬಂದು ಸ್ವಂತ ಕೆಲಸ ಹಿಡಿದ ನಮ್ಮವರಿಗೆಲ್ಲ ತೆರಿಗೆಯ ದಾರಿ ತೋರಿಸುವ ಸೇವೆ. ಪೇಂಟು ಹೊಡೆಯುವವರು, ಹುಲ್ಲು ಕತ್ತರಿಸುವವರು, ಕೇಕು ಮಾಡುವವರು ಸಾಲಾಗಿ ಬರುತ್ತಾರೆ. ಅಂಥ ಸಾಲಿನಲ್ಲಿ ಮೇ ತಿಂಗಳ ಒಂದು ಶನಿವಾರ ಸಿಲಿಯಾ ಬಂದಳು, ಬಟ್ಟೆ ಕತ್ತರಿಸಲು ಅಳತೆಗೆ ಇಡುವ ಕಂದು ಕಾಗದದ ಮಾದರಿಗಳ ದೊಡ್ಡ ಕಟ್ಟು ಹೊತ್ತುಕೊಂಡು. ವರ್ಷದ ಲೆಕ್ಕವೆಲ್ಲ ಅವುಗಳ ಮೇಲೇ ಗೀಚಿತ್ತು.

ದೇವರು ಕೆಲವರನ್ನು ಹೂವಿನ ನಡುವೆ ಭೇಟಿ ಮಾಡಿಸುತ್ತಾನೆ. ಕೆಲವರನ್ನು ರಸೀದಿಗಳ ನಡುವೆ. ಅವನ ಇಷ್ಟ.

ಹೋದ ವರ್ಷದ ಮಾರ್ಚ್ ಕೊನೆಯವರೆಗೆ ಸಿಲಿಯಾ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿದವಳು. ಅಲ್ಲಿ ತೆರಿಗೆಯ ಮುಖವನ್ನೇ ಅವಳು ನೋಡಿರಲಿಲ್ಲ. ಸಂಬಳ ಕೈಗೆ ಬರುವ ಮೊದಲೇ ಅದು ಕಳಚಿಕೊಂಡು ಹೋಗುತ್ತಿತ್ತು. ಆಮೇಲೆ ಕೆಲಸ ಬಿಟ್ಟು ಸೋದರತ್ತೆಯ ಗ್ಯಾರೇಜಿನಲ್ಲಿ ಮಷೀನು ಹಾಕಿದಳು. ಚರ್ಚಿನ ಬಿಳಿ ಉಡುಪು, ಮದುವೆ ಬಟ್ಟೆ, ಚರ್ಚಿನ ಹಾಡುಗಾರರ ಅಂಗಿ... ಕೈತುಂಬ ಕೆಲಸ. ವರ್ಷ ತುಂಬಿದ ಮೇಲೆ ಯಾರೋ ಹೇಳಿದರು, ಜುಲೈ ಏಳರೊಳಗೆ ಸರ್ಕಾರಕ್ಕೆ ಲೆಕ್ಕ ಕೊಡಬೇಕು ಎಂದು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಕಟ್ಟಲಾಗದಷ್ಟು ತೆರಿಗೆ ಬಂದರೆ? ಮಷೀನು ಮಾರಿ ಮತ್ತೆ ಲಾಂಡ್ರಿಗೆ! ಸಾಲ ಕೇಳುವುದಂತೂ ಇಲ್ಲ. ಅಪ್ಪ ತೀರಿಕೊಂಡಾಗ ಕೈಹಿಡಿದ ನೆಂಟರು ಹತ್ತು ವರ್ಷ ಅದನ್ನೇ ಎತ್ತಿ ಆಡಿದ್ದರು. ಇನ್ನು ಯಾರ ಹಂಗೂ ಬೇಡ. ಸ್ವಂತ ಕೆಲಸ ಹಿಡಿದದ್ದೇ ಅದಕ್ಕಾಗಿ.

"ಇಲ್ಲಿ 'ಚಾಪೆ' ಅಂತ ಬರೆದು ಪಕ್ಕದಲ್ಲಿ ಹೂವು ಬಿಡಿಸಿದೀರಿ. ಎಷ್ಟು ಡಾಲರ್ ಇದು?" ಕೆಲೆಪಿ ತೋಳನ್ನು ತಿರುಗಿಸಿ ನೋಡುತ್ತ ಕೇಳಿದ.

"ಅದು ಲೆಕ್ಕ ಅಲ್ಲ. ಒಬ್ರು ಅಜ್ಜಿಯ ಮೊಮ್ಮಗಳ ಮದುವೆ ಬಟ್ಟೆ ಹೊಲಿದುಕೊಟ್ಟೆ. ಆ ಅಜ್ಜಿ ತಾನೇ ಹೆಣೆದ ಚಾಪೆ ಕೊಟ್ರು. ಕಣ್ಣೀರು ಹಾಕ್ತಾ ಕೊಟ್ರು."

"ಬಟ್ಟೆಗೆ ದುಡ್ಡು?"

"ದುಡ್ಡು ಯಾಕೆ? ಚಾಪೆ ಕೊಟ್ರಲ್ಲ!"

"ಹಾಗಾದ್ರೆ ಚಾಪೆನೂ ಆದಾಯವೇ. ಪೇಟೇಲಿ ಏನು ಬೆಲೆ ಇದೆಯೋ ಅದನ್ನ ಬರೀಬೇಕು."

ಸಿಲಿಯಾ ದಡಕ್ಕನೆ ಎದ್ದಳು.

"ಅಜ್ಜಿ ಕಣ್ಣೀರಿಗೂ ಬೆಲೆ ಹಾಕ್ತೀರಾ? ನಿಮಗೆ ಎದೆ ಇದೆಯೋ, ಅಲ್ಲೂ ಕ್ಯಾಲ್ಕುಲೇಟರ್ ಇಟ್ಕೊಂಡಿದೀರೋ?"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಕೆಲೆಪಿ ನಗಲಿಲ್ಲ. ಮೆಲ್ಲಗೆ ಹೇಳಿದ, "ಕಣ್ಣೀರು ನಿಮ್ಮದೇ, ಇಟ್ಕೊಳ್ಳಿ. ಕೆಲಸಕ್ಕೆ ಬದಲಾಗಿ ಕೊಟ್ಟದ್ದು ಏನೇ ಆದ್ರೂ ಬರೀಬೇಕು. ಬಂದ ದಿನದ ತಾರೀಖು ಹಾಕಿ ಬರೀಬೇಕು. ಅಷ್ಟೇ ನಾನು ಹೇಳಿದ್ದು. ಮುಂದಿನ ಶನಿವಾರ ಬನ್ನಿ... ಲಂಗದೊಳಗೆ ಜೂನ್ ಸಿಕ್ಕಿದ್ರೆ ತನ್ನಿ."

ಸಿಲಿಯಾ ಮನೆಗೆ ಬಂದಾಗ ಫೂಸಿ ಅತ್ತೆ ಬಾಗಿಲಲ್ಲೇ ಕುಳಿತಿದ್ದಳು. ಅಪ್ಪನ ಅಕ್ಕ. ನಮ್ಮಲ್ಲಿ ಅಪ್ಪನ ಅಕ್ಕನೆಂದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಅವಳ ಮಾತಿಗೆ ಎದುರಾಡುವವರಿಲ್ಲ.

"ಯಾಕೆ ಮಗಳೇ, ಮುಖ ಸುಟ್ಟ ಗೆಣಸಿನ ಹಾಗಿದೆ?"

"ಆ ಕೆಲೆಪಿ... ಎಂಥಾ ಮನುಷ್ಯ ಅತ್ತೆ ಅವನು!"

"ಹೂಂ. ನೋಡೋಕೆ ಚೆನ್ನಾಗಿದಾನೆ ಅಂತ ಕೇಳಿದೀನಿ."

"ಅತ್ತೇ!"

ಆದರೂ ಮುಂದಿನ ಶನಿವಾರ ಅವಳು ಹೋದಳು. ಅದರ ಮುಂದಿನ ಶನಿವಾರವೂ. ಕೆಲೆಪಿ ಅವಳಿಗೆ ಒಂದು ದಪ್ಪ ನೋಟ್‌ಬುಕ್ ಕೊಟ್ಟು ಕಲಿಸಿದ. ಮನೆ ಖರ್ಚಿಗೆ ಒಂದು ಬ್ಯಾಂಕ್ ಖಾತೆ, ಹೊಲಿಗೆಗೆ ಇನ್ನೊಂದು. ನೂರು ಡಾಲರ್ ಬಂದರೆ ಇಪ್ಪತ್ತನ್ನು ಅಂದೇ ತೆರಿಗೆಗೆಂದು ಎತ್ತಿಟ್ಟು ಮರೆತುಬಿಡಬೇಕು. ದಾರದ ಉಂಡೆ, ಗುಂಡಿ, ಗ್ಯಾರೇಜಿನ ಕರೆಂಟಿನ ಪಾಲು, ಎಲ್ಲಕ್ಕೂ ರಸೀದಿ. ತೋಳು, ಕಾಲರ್, ಲಂಗಗಳ ಮೇಲಿದ್ದ ಒಂದು ವರ್ಷ ನಿಧಾನವಾಗಿ ಪುಟಗಳಿಗೆ ಇಳಿಯಿತು.

ಅವನು ಗದರುತ್ತಿರಲಿಲ್ಲ. ಅವಳು ತಪ್ಪು ಕೂಡಿದರೆ ಪೆನ್ಸಿಲಿನ ತುದಿಯನ್ನು ಆ ಸಾಲಿನ ಪಕ್ಕ ಇಟ್ಟು ಸುಮ್ಮನೆ ಕಾಯುತ್ತಿದ್ದ. ಆ ಕಾಯುವಿಕೆಯೇ ಅವಳನ್ನು ಕಾಡತೊಡಗಿತು.

'ಯಾಕಿಷ್ಟು ತಾಳ್ಮೆ? ಎಲ್ಲರ ಹತ್ತಿರವೂ ಹೀಗೇನಾ? ಇರಬೇಕು... ಚರ್ಚಿನ ಸೇವೆ ತಾನೇ!'

ಒಂದು ಶನಿವಾರ ಅವನು ಕಪ್ಪು ಬಟ್ಟೆ ತಂದು, ಗಂಡಸರು ಚರ್ಚಿಗೆ ಸೊಂಟಕ್ಕೆ ಸುತ್ತಿ ಉಡುವ ತುಪೆನು ಹೊಲಿದುಕೊಡಲು ಕೇಳಿದ. ಹೊಲಿದಳು. ಅಂಚನ್ನು ಮೂರು ಸಲ ಬಿಚ್ಚಿ ಮೂರು ಸಲ ಹೊಲಿದಳು.

"ಎಷ್ಟಾಯ್ತು?"

"ಆಮೇಲೆ ಹೇಳ್ತೀನಿ."

ಹೇಳಲೇ ಇಲ್ಲ.

ಅದಾದ ಮರುದಿನವೇ ಆರಾಧನೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅವನ ಕಾರು ಅವಳ ಗೇಟಿನ ಮುಂದೆ ನಿಂತಿತು. ಕೆಸುವಿನ ಎಲೆಯಲ್ಲಿ ಮಾಂಸ, ತೆಂಗಿನ ಹಾಲು ಸುತ್ತಿ ಮಣ್ಣಿನ ಒಲೆಯಲ್ಲಿ ಬೇಯಿಸಿದ ಲೂ, ಐದು ಪೊಟ್ಟಣ.

"ಅಮ್ಮ ಮಾಡಿದ್ದು... ಬಿಸಿ ಇದೆ," ಎಂದವನೇ ಹೊರಟುಹೋದ.

ಮುಂದಿನ ಭಾನುವಾರ ಪಪ್ಪಾಯಿ. ಆಮೇಲೆ ಮತ್ತೆ ಲೂ. ಆಮೇಲೆ ಒಂದು ದೊಡ್ಡ ಸುವರ್ಣಗೆಡ್ಡೆಯಂಥ ಗೆಡ್ಡೆ, ಅವನೇ ಹಿತ್ತಲಲ್ಲಿ ಬೆಳೆದದ್ದು.

ಸಿಲಿಯಾ ಯೋಚಿಸಿದಳು. 'ತುಪೆನುವಿನ ದುಡ್ಡು ನಾನು ಹೇಳಲಿಲ್ಲ. ಅದಕ್ಕೇ ಈ ರೀತಿ ತೀರಿಸ್ತಿದಾನೆ. ಸ್ವಾಭಿಮಾನಿ. ನನ್ನ ಹಾಗೇ.'

ಹಾಗೆ ಯೋಚಿಸಿದಾಗ ಎದೆಯಲ್ಲಿ ಏನೋ ಚುಚ್ಚಿತು. ಬೇರೆ ಏನಾದರೂ ಇರಬಹುದೇ ಎಂದು ಒಂದು ಕ್ಷಣ ಮನಸ್ಸು ಹಾರಿತು... ಛೇ! ಆಸೆಪಟ್ಟು ಆಮೇಲೆ ನಾಚುವುದಕ್ಕಿಂತ ಬರೆದುಬಿಡುವುದೇ ವಾಸಿ. ಪ್ರತಿ ಸೋಮವಾರ ಬೆಳಿಗ್ಗೆ ನೋಟ್‌ಬುಕ್ ತೆರೆದು, ಅವನೇ ಕಲಿಸಿದಂತೆ, ಹಿಂದಿನ ದಿನದ ತಾರೀಖು ಹಾಕಿ ಬರೆದಳು.

ಜೂನ್ ಕೊನೆಯ ಶನಿವಾರ ಹೋದ ವರ್ಷದ ಲೆಕ್ಕ ಮುಗಿಯಿತು. ಕೆಲೆಪಿ ಕೊನೆಯ ಮೊತ್ತದ ಕೆಳಗೆ ಎರಡು ಗೆರೆ ಎಳೆದ.

"ತೆರಿಗೆ ನಾಲ್ಕು ಸಾವಿರದ ಚಿಲ್ಲರೆ."

ಅವಳ ಮುಖ ಬಿಳಿಚಿತು. "ನನ್ನ ಹತ್ರ ಒಂದೂವರೆ ಸಾವಿರ ಇದೆ ಅಷ್ಟೇ... ಇನ್ನು ಹತ್ತು ದಿನ ಕೂಡ ಇಲ್ಲ!"

"ಯಾರು ಹೇಳಿದ್ರು? ಜುಲೈ ಏಳಕ್ಕೆ ಲೆಕ್ಕ ಕೊಟ್ರೆ ಸಾಕು. ದುಡ್ಡು ಕಟ್ಟೋಕೆ ಫೆಬ್ರವರಿವರೆಗೆ ಸಮಯ ಇದೆ. ಅಷ್ಟರಲ್ಲಿ ಕ್ರಿಸ್‌ಮಸ್ ಬಟ್ಟೆ ಹೊಲಿದು ನೀವು ನನಗೇ ಸಾಲ ಕೊಡೋ ಹಾಗಾಗಿರ್ತೀರಿ."

"ನಿಜವಾಗ್ಲೂ?"

"ದೇವರ ಮನೇಲಿ ಕೂತು ಸುಳ್ಳು ಹೇಳ್ತೀನಾ?"

ಅವಳು ನಕ್ಕಳು, ಅಳುವೂ ಬಂತು. ಮಷೀನು ಉಳಿಯಿತು! ಎಷ್ಟೋ ವಾರಗಳ ನಂತರ ಒಂದು ಪೂರ್ತಿ ಉಸಿರು ಒಳಗೆ ಹೋಯಿತು. ಅವಳು ಕಣ್ಣೊರೆಸಿಕೊಳ್ಳುತ್ತಿರುವಾಗ ಕೆಲೆಪಿ ಪುಟ ತಿರುಗಿಸಿ ಹೊಸ ವರ್ಷದ ಲೆಕ್ಕ ನೋಡತೊಡಗಿದ.

ಅವನ ಬೆರಳು ನಿಂತಿತು.

'ಕೆಲೆಪಿ. ಲೂ, ಐದು ಪೊಟ್ಟಣ. 30 ಡಾಲರ್. ತುಪೆನು ಬಾಬ್ತು.'

'ಕೆಲೆಪಿ. ಪಪ್ಪಾಯಿ. 12 ಡಾಲರ್. ತುಪೆನು ಬಾಬ್ತು.'

'ಕೆಲೆಪಿ. ಲೂ, ನಾಲ್ಕು ಪೊಟ್ಟಣ. 24 ಡಾಲರ್. ತುಪೆನು ಚುಕ್ತಾ. ಆರು ಡಾಲರ್ ಮುಂಗಡ.'

'ಕೆಲೆಪಿ. ಗೆಡ್ಡೆ. 35 ಡಾಲರ್. ಮುಂಗಡ.'

ಅವನು ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ಸರಿಯಾಗಿದೆಯಾ?" ಅವಳು ಮೆಚ್ಚುಗೆಗಾಗಿ ಕಾದಳು.

"ಸರಿಯಾಗಿದೆ. ತಾರೀಖು ಕೂಡ ಒಂದೂ ತಪ್ಪಿಲ್ಲ." ಅವನು ಪುಸ್ತಕ ಮುಚ್ಚಿ ಅವಳ ಕಡೆ ಸರಿಸಿದ. "ಇನ್ನು ನಿಮಗೆ ನನ್ನ ಅಗತ್ಯ ಇಲ್ಲ ಸಿಲಿಯಾ. ಲೆಕ್ಕ ನೀವೇ ಕಳಿಸಬಹುದು."

"ನಾಳೆ..." ಎಂದು ಅವಳು ಶುರು ಮಾಡಿದಳು.

ಅವನು ಆಗಲೇ ಸಾಲಿನ ಮುಂದಿನವರನ್ನು ಕರೆದಿದ್ದ.

ಆ ಭಾನುವಾರ ಗೇಟಿನ ಮುಂದೆ ಕಾರು ನಿಲ್ಲಲಿಲ್ಲ. ಸಿಲಿಯಾ ನೀರು ಕುಡಿಯುವ ನೆಪದಲ್ಲಿ ನಾಲ್ಕು ಸಲ ಕಿಟಕಿಗೆ ಬಂದಳು. ಸೋಮವಾರ ತೆರಿಗೆಯ ಲೆಕ್ಕವನ್ನು ತಾನೇ ಕಂಪ್ಯೂಟರಿನಲ್ಲಿ ತುಂಬಿ ಕಳಿಸಿದಳು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಮಂಗಳವಾರ ಒಂದೇ ಅಂಗಿಗೆ ಎರಡೂ ಎಡ ತೋಳು ಹೊಲಿದಳು.

"ಹೀಗೆ ಹೊಲಿದ್ರೆ ಊರಿನವರೆಲ್ಲ ವಾರೆ ನಡೀಬೇಕಾಗುತ್ತೆ," ಫೂಸಿ ಅತ್ತೆ ಅಂಗಿ ಎತ್ತಿ ಹಿಡಿದು ಹೇಳಿದಳು. "ಏನಾಯ್ತು ಹೇಳು."

"ಗೊತ್ತಿಲ್ಲ ಅತ್ತೆ! ಅವನು ಹೇಳಿದ ಹಾಗೇ ಬರೆದಿದೀನಿ. ಒಂದು ಡಾಲರ್ ಕೂಡ ಮುಚ್ಚಿಟ್ಟಿಲ್ಲ. ನೋಡಿ ಬೇಕಾದ್ರೆ!"

ಅತ್ತೆ ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿದಳು. ಬೆಲೆಗಳನ್ನು ನೋಡಲಿಲ್ಲ. ಎಡಗಡೆಯ ತಾರೀಖುಗಳ ಮೇಲೆ ಬೆರಳಾಡಿಸಿ, ಗೋಡೆಯ ಮೇಲಿದ್ದ ಚರ್ಚಿನ ಕ್ಯಾಲೆಂಡರನ್ನು ನೋಡಿದಳು. ಮತ್ತೆ ಪುಸ್ತಕ. ಮತ್ತೆ ಕ್ಯಾಲೆಂಡರ್.

"ದಡ್ಡಿ!"

"ಅತ್ತೆ?"

"ಇದು ಭಾನುವಾರ. ಇದೂ ಭಾನುವಾರ. ಇದೂ, ಇದೂ! ಭಾನುವಾರ ನಾವು ಸೂಜಿಗೆ ದಾರ ಪೋಣಿಸ್ತೀವಾ? ಅಂಗಡಿಗೆ ಹೋಗ್ತೀವಾ? ಕೊಡೋದು ತಗೊಳ್ಳೋದು ಮಾತಾಡ್ತೀವಾ?"

"ಇಲ್ಲ..."

"ಧರ್ಮೋಪದೇಶಕರ ಮೊಮ್ಮಗ ಅವನು. ಹೊಲಿಗೆಯ ದುಡ್ಡು ತೀರಿಸೋಕೆ ದೇವರ ದಿನಾನೇ ಸಿಕ್ತಾ ಅವನಿಗೆ? ವಾರದಲ್ಲಿ ಬೇರೆ ಆರು ದಿನ ಇರ್ಲಿಲ್ವಾ?" ಅತ್ತೆಯ ದನಿ ತಗ್ಗಿತು. "ಯಾವ ದಿನ ಯಾರೂ ಯಾರಿಗೂ ಏನೂ ಬಾಕಿ ಇರೋದಿಲ್ವೋ ಆ ದಿನ ನೋಡಿ ತಂದಿದಾನೆ ಮಗಳೇ. ನೀನು ಅದಕ್ಕೆ ಬೆಲೆ ಹಾಕಿ ಅವನ ಕೈಗೇ ಕೊಟ್ಟಿದೀಯ."

ಸಿಲಿಯಾ ಮಷೀನಿನ ಮೇಲೆ ತಲೆಯಿಟ್ಟಳು. ಆರಾಧನೆಯಿಂದ ನೇರವಾಗಿ, ಕೋಟು ಕೂಡ ತೆಗೆಯದೆ, ಬಿಸಿ ಪೊಟ್ಟಣ ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದ ಅವನ ಮುಖ ಕಣ್ಣಮುಂದೆ ಬಂತು. ಹಂಗಿಗೆ ಹೆದರಿ ಹೆದರಿ, ಹಂಗಿಲ್ಲದ್ದನ್ನು ಗುರುತಿಸುವ ಕಣ್ಣನ್ನೇ ಅವಳು ಕಳೆದುಕೊಂಡಿದ್ದಳು.

"ಈಗ ಏನು ಮಾಡ್ಲಿ ಅತ್ತೆ?"

"ಅದನ್ನೂ ನಾನೇ ಹೇಳ್ಬೇಕಾ? ಬಸ್ಸು ಹನ್ನೊಂದೂವರೆಗಿದೆ."

ಅವನ ಆಫೀಸಿನ ಹೊರಗೆ, ಪಾರ್ಕಿಂಗಿನ ಪಕ್ಕದ ಬೆಂಚಿನ ಮೇಲೆ ಕೆಲೆಪಿ ಒಬ್ಬನೇ ಕುಳಿತು ಬ್ರೆಡ್ಡು ತಿನ್ನುತ್ತಿದ್ದ. ಜೂನ್, ಜುಲೈ ಅಂದರೆ ಇಲ್ಲಿ ಚಳಿಗಾಲ, ಚಳಿಗಾಳಿ ಬೀಸುತ್ತಿತ್ತು. ಅವಳನ್ನು ನೋಡಿ ಎದ್ದು ನಿಂತ.

"ಲೆಕ್ಕದಲ್ಲಿ ಏನಾದ್ರೂ ತೊಂದರೆಯಾ?"

"ಇಲ್ಲ. ಕಳಿಸಿಯಾಯ್ತು. ಒಪ್ಪಿಕೊಂಡಿದಾರೆ."

"ಮತ್ತೆ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಸಿಗಲಿಲ್ಲ.

"ನಿಮ್ಮ ತುಪೆನು ಅರವತ್ತು ಡಾಲರ್. ಅದು ಬಾಕಿ ಇದೆ," ಎಂದಳು. ಆಮೇಲೆ ಒಂದೇ ಉಸಿರಿಗೆ, "ಉಳಿದದ್ದು... ಉಳಿದದ್ದನ್ನು ನಾನು ಬರೀಬಾರದಿತ್ತು ಕೆಲೆಪಿ. ಕ್ಷಮಿಸಿ. ನನಗೆ ಯಾರೂ ಸುಮ್ಮನೆ ಏನೂ ಕೊಟ್ಟಿರ್ಲಿಲ್ಲ. ಕೊಟ್ಟೋರೆಲ್ಲ ಆಮೇಲೆ ಕೇಳಿದ್ರು."

ಅವನ ಮುಖದ ಬಿಗಿತ ಮೆಲ್ಲಗೆ ಸಡಿಲಿತು.

"ನನ್ನದೂ ತಪ್ಪು," ಎಂದ. "ಬಾಯಿ ಬಿಟ್ಟು ಹೇಳ್ಬೇಕಿತ್ತು. ಗೇಟಿನ ತನಕ ಬರೋವಾಗ ಎಲ್ಲಾ ನೆನಪಿರ್ತಿತ್ತು. ನೀವು ಬಾಗಿಲು ತೆಗೆದ ಕೂಡಲೇ 'ಬಿಸಿ ಇದೆ' ಅನ್ನೋದೊಂದು ಬಿಟ್ಟು ಎಲ್ಲಾ ಮರೆತುಹೋಗ್ತಿತ್ತು."

"ಏನು ಹೇಳ್ಬೇಕು ಅಂತಿದ್ರಿ?"

"ನಿಮ್ಮನ್ನ ನೋಡದ ವಾರ ನನಗೆ ವಾರವೇ ಅಲ್ಲ ಅಂತ."

ಅವಳ ಕಣ್ಣು ತುಂಬಿತು. ಇಷ್ಟು ದಿನ ಎದೆಯೊಳಗೆ ಅತ್ತಿಂದಿತ್ತ ಓಡಾಡುತ್ತಿದ್ದದ್ದು ಯಾವುದೋ, ಅದು ಬಂದು ಕುಳಿತಿತು. ಪ್ರಾರ್ಥನೆಯ ಮೊದಲು ಚರ್ಚು ಶಾಂತವಾಗುತ್ತದಲ್ಲ, ಹಾಗೆ.

"ಈ ಶನಿವಾರ ಸಂಜೆ ನಮ್ಮ ಮನೇಲಿ ಕಾವಾ ಕೂಟ ಇಟ್ಕೊಂಡಿದೀವಿ," ಅವಳು ನೆಲ ನೋಡುತ್ತ ಹೇಳಿದಳು. "ಬಟ್ಟಲಿನ ಹಿಂದೆ ಕೂತು ಬಡಿಸೋಳು ನಾನೇ."

ಕಾವಾ ಬೇರಿನ ಪಾನೀಯವನ್ನು ತಾನೇ ಬಡಿಸುತ್ತೇನೆಂದು ಹುಡುಗಿ ಕರೆದರೆ, ಮನಸ್ಸಿನ ಪ್ರೀತಿ ಹೇಳಿಕೊಳ್ಳಲು ಬಾ ಎಂದೇ ಅರ್ಥ; ಟೋಂಗಾದ ಗಂಡಿಗೆ ಅದನ್ನು ಹೇಳಿಕೊಡಬೇಕಿಲ್ಲ. ಕೆಲೆಪಿಯ ಕೈಯಲ್ಲಿದ್ದ ಬ್ರೆಡ್ಡು ಕೆಳಗೆ ಬಿತ್ತು.

"ಯಾರ್‍ಯಾರು ಬರ್ತಾರೆ?"

"ನಿಮ್ಮ ಚಿಕ್ಕಪ್ಪನ್ನ ಕರ್ಕೊಂಡು ಬಂದ್ರೆ ಇಬ್ಬರು."

"ಚಿಕ್ಕಪ್ಪ ತುಂಬಾ ಕುಡೀತಾರೆ. ನಿನ್ನ ಕೈ ಸೋತುಹೋಗುತ್ತೆ ಸಿಲಿಯಾ."

'ನಿನ್ನ' ಎಂದಿದ್ದ. ಅವಳು ತಲೆಯೆತ್ತಿದಳು.

"ಸೋಲಲಿ ಬಿಡು," ಎಂದಳು. "ನೀನು ಬಾ."