ಹಲಗೆಯ ಮೇಲಿನ ನಂಬರ್

ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ವಿನಯಾಳ ಇ-ಸಿಮ್ ಕೋಡ್ ಅಂಗಡಿಯ ಇಮೇಲ್‌ಗೆ ಬಂತು. ಅಂಗಡಿ ನಡೆಸುವ ಅನೂಪ್ ಅದನ್ನು ನೋಡಿದ. ಅವಳಿಗೆ ತಿಳಿಸಲಿಲ್ಲ.

ತಿಳಿಸಲು ದಾರಿ ಇತ್ತು. ಅವಳ ಪಕ್ಕದ ಮನೆಯ ಗಿರಿಜಕ್ಕನ ನಂಬರ್ ಅವನ ಬಳಿ ಇತ್ತು. ಆದರೆ ಕೋಡ್ ಸ್ಕ್ಯಾನ್ ಮಾಡಿದರೆ ಕೆಲಸ ಮುಗಿಯುತ್ತದೆ. ಕೆಲಸ ಮುಗಿದರೆ ಮರವಂತೆಯ ವಿನಯಾಳಿಗೆ ಹೆಮ್ಮಾಡಿಯ ಮೊಬೈಲ್ ಅಂಗಡಿಗೆ ಬರಲು ಕಾರಣ ಉಳಿಯುವುದಿಲ್ಲ.

ವಿನಯಾ ಕೊಂಡ ಫೋನ್ ಆ ತಿಂಗಳಷ್ಟೇ ಬಿಡುಗಡೆಯಾದದ್ದು. ಬಿಡುಗಡೆಯ ದಿನ ಉಡುಪಿಗೆ ಬಂತು, ಹೆಮ್ಮಾಡಿಗೆ ಬರಲಿಲ್ಲ. ಕೊನೆಗೂ ಬಂದಾಗ ವಿನಯಾ ಪೆಟ್ಟಿಗೆ ಬಿಚ್ಚಿ, ಫೋನನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದಳು.

“ಹ್ವಾಯ್, ಇದ್ಕೆ ಬಾಯೇ ಇಲ್ಯಲೆ! ಸಿಮ್ ಎಲ್ಲಿ ಹಾಕೂದ್?”

“ಇದ್ಕೆ ಸಿಮ್ ಬ್ಯಾಡ. ನಂಬರ್ ಒಳ್ಗೇ ಕೂತ್ಕಂತ್.”

ಬೆರಳಚ್ಚು ತೆಗೆದುಕೊಳ್ಳುವಾಗಲೂ ತೊಂದರೆ. ಉಪ್ಪು, ಐಸು, ಮೀನಿನ ಹುರುಪೆ ತಾಗಿ ತಾಗಿ ಸವೆದ ಅವಳ ಬೆರಳನ್ನು ಫೋನ್ ಗುರುತಿಸಲಿಲ್ಲ. ಅವನು ಫೋನ್ ಹಿಡಿದ, ಅವಳು ಮತ್ತೆ ಮತ್ತೆ ಬೆರಳಿಟ್ಟಳು.

“ನನ್ನ ಗುರ್ತ ಸಿಕ್ಕುದಿಲ್ಯಂಬ್ರಾ ಇದ್ಕೆ?” ಎಂದು ಕಣ್ಣೆತ್ತಿದಳು.

“ನಂಗ್ ಸಿಕ್ತ್,” ಎಂದ ಅನೂಪ್.

ಅವಳು ನಕ್ಕು ಬೆರಳು ಸೀರೆಗೆ ಒರೆಸಿಕೊಂಡಳು. ಆಮೇಲೆ ಗಂಭೀರಳಾದಳು. “ನಂಬರ್ ಮಾತ್ರ ಬದ್ಲಾಪುಕಾಗ, ಹಾಂ?”

ಕಾರಣ ಅವಳೇ ಹೇಳಿದಳು. ಅವಳ ಅಪ್ಪ ದೇವು ನಾಲ್ವರೊಂದಿಗೆ ಹೋಗುವ ನಾಡದೋಣಿಯಲ್ಲಿ, ಎಂಜಿನ್ ಪಕ್ಕದ ಹಲಗೆಯ ಮೇಲೆ ಅವಳ ನಂಬರನ್ನು ಬಿಳಿ ಪೇಂಟಿನಲ್ಲಿ ಬರೆದಿದ್ದಾರೆ. ವಾಪಸಾಗುವಾಗ ಯಾರ ಫೋನಿಗೆ ಮೊದಲು ಟವರ್ ಸಿಗುತ್ತದೋ ಅವರು ಹಲಗೆ ನೋಡಿ ನಂಬರ್ ಒತ್ತುತ್ತಾರೆ. ಯಾವ ಮೀನು ಸಿಕ್ಕಿದೆ ಎಂದು ತಿಳಿದ ಮೇಲೆ ಅವಳು ಐಸಿಗೆ ಹೇಳುತ್ತಾಳೆ, ಮೀನು ಮಾರುವ ಹೆಂಗಸರನ್ನು ಕರೆಯುತ್ತಾಳೆ. ದೋಣಿ ದಡಕ್ಕೆ ಬಂದೊಡನೆ ಮೀನಿನ ವಿಡಿಯೋ ಮಾಡಿ ಬ್ರಹ್ಮಾವರ, ಸಾಲಿಗ್ರಾಮದ ಗಿರಾಕಿಗಳಿಗೆ ಕಳಿಸುತ್ತಾಳೆ. ಅದಕ್ಕೇ ಒಳ್ಳೆಯ ಕ್ಯಾಮೆರಾದ ಈ ಫೋನ್. ದೋಣಿಗೆ ಏನಾದರೂ ಆದರೂ ಕರೆ ಬರುವುದು ಅದೇ ನಂಬರಿಗೆ.

ಮೊದಲ ಕೋಡ್ ಸ್ಕ್ಯಾನ್ ಮಾಡಿದಾಗ “ಮತ್ತೆ ಪ್ರಯತ್ನಿಸಿ” ಎಂದು ಬಂತು. ಅಷ್ಟರಲ್ಲಿ ಹಳೆಯ ಸಿಮ್ ಬಂದ್ ಆಗಿತ್ತು. ಕಸ್ಟಮರ್ ಕೇರಿನವರು ಹೊಸ ಕೋಡ್ ಕಳಿಸುತ್ತೇವೆ ಎಂದರು. ಅಂದಿನಿಂದ ವಿನಯಾ ದಿನವೂ ನಾಲ್ಕರ ಬಸ್ಸಿಗೆ ಬರತೊಡಗಿದಳು.

ಬುಧವಾರವೂ ಬಂದಳು. ಅವನಿಗೆಂದು ಡಬ್ಬಿಯಲ್ಲಿ ಒಣ ಸಿಗಡಿ ಚಟ್ನಿ ತಂದಿದ್ದಳು.

“ಬಂತಾ?”

ಅನೂಪ್ ಕಂಪ್ಯೂಟರಿನತ್ತ ನೋಡಿದ. “ಇಲ್ಲೆ. ಸರ್ವರ್ ಸಮ ಇಲ್ಲೆ. ನಾಳೆ ಕಾಂಬ.”

“ಎಂತ ಸರ್ವರ್ ಮಾರಾಯ್ರೆ, ದಿನಾ ಜ್ವರ ಅದ್ಕೆ!” ಎಂದಳು. ಆಮೇಲೆ ರಸ್ತೆಯ ಕಡೆ ನೋಡುತ್ತ, “ನಂಗೂ ಈ ಬಸ್ಸ್ ಅಭ್ಯಾಸ ಆಯ್ತ್,” ಎಂದಳು.

ಆಗಲೇ ಹೇಳಿಬಿಡಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಸುಳ್ಳು ಹೇಳಿ ಒಂದು ನಿಮಿಷವೂ ಆಗಿರಲಿಲ್ಲ, ಅದನ್ನು ತಿದ್ದಲು ಅವನಿಗೆ ನಾಚಿಕೆಯಾಯಿತು. ಚಟ್ನಿ ರುಚಿಯಾಗಿತ್ತು. ಅರ್ಧಕ್ಕೇ ಡಬ್ಬಿ ಮುಚ್ಚಿಟ್ಟ.

ಗುರುವಾರ ನಾಲ್ಕರ ಬಸ್ಸು ಬಂತು. ಅವಳು ಇಳಿಯಲಿಲ್ಲ. ಕಾದು ಕಾದು ಗಿರಿಜಕ್ಕನಿಗೆ ಫೋನ್ ಮಾಡಿದ.

“ದೇವಣ್ಣನ ದೋಣಿ ಬರ್ಲಿಲ್ಲೆ ಮಗಾ. ಎಲ್ರೂ ದಡದಗ್ ಇತ್ರ್.”

ಅನೂಪ್ ಅಂಗಡಿ ಮುಚ್ಚಿ ಬೈಕ್ ಹತ್ತಿದ. ಮರವಂತೆಯ ದಡದಲ್ಲಿ ಜನ ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದರು. ವಿನಯಾಳ ಕೈಯಲ್ಲಿ ಹಳೆಯ ಫೋನ್ ಇತ್ತು. ಅದು ರಿಂಗಾಗುವುದಿಲ್ಲ ಎಂದು ಗೊತ್ತಿದ್ದರೂ ಅವಳು ಅದನ್ನು ನೋಡುತ್ತಲೇ ಇದ್ದಳು. ಅವನು ಹತ್ತಿರ ಹೋಗದೆ ಬೈಕಿನ ಪಕ್ಕದಲ್ಲೇ ನಿಂತ.

ಕತ್ತಲಾಗುವ ಹೊತ್ತಿಗೆ ಸುದ್ದಿ ಬಂತು. ಎಂಜಿನ್ ಕೆಟ್ಟು ತೇಲುತ್ತಿದ್ದ ದೋಣಿಯನ್ನು ಉಪ್ಪುಂದದ ಮೀನುಗಾರರು ಕಂಡು ಎಳೆದು ತಂದಿದ್ದರು. ಐವರೂ ಬದುಕಿದ್ದರು. ದೇವುವಿನ ಬಲಗೈ ಎಂಜಿನ್ನಿಗೆ ಸಿಕ್ಕಿತ್ತು. ಬೈಂದೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿದರು.

ಶುಕ್ರವಾರ ಮಧ್ಯಾಹ್ನ ವಿನಯಾ ಬಂದು ಹೊಸ ಫೋನನ್ನು ಪೆಟ್ಟಿಗೆ ಸಮೇತ ಮೇಜಿನ ಮೇಲಿಟ್ಟಳು.

“ಇದ್ ನಂಗ್ ಬ್ಯಾಡ.”

“ಅಪ್ಪಯ್ಯ ಹ್ಯಾಂಗಿತ್ರ್?”

“ನಿನ್ನೆ ಬೆಳಗಿಂದ ನಂಗ್ ಫೋನ್ ಮಾಡ್ತೇ ಇದ್ದಿದ್ರಂಬ್ರ. ಟವರ್ ಸಿಕ್ಕಿದ್ದ್ ಅವ್ರ ಬಟನ್ ಫೋನಿಗ್ ಮಾತ್ರ. ಗಿರಿಜಕ್ಕನ ನಂಬರ್ ಚೀಟಿಯಗ್ ಬರ್ದ್ ಕೊಟ್ಟಿದ್ದೆ, ಅದ್ ನೀರಗ್ ಒದ್ದಿ ಆಯಿ ಅಳ್ಸಿ ಹೋಯಿತ್ತ್.” ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. “ಚಂದ ಕ್ಯಾಮೆರಾ ಬೇಕ್ ಅಂದದ್ ನಾನ್. ನನ್ ಆಸಿಯಿಂದ ಅಪ್ಪಯ್ಯಂಗೆ ಹೀಂಗಾಯ್ತ್. ನಿಮ್ದ್ ಎಂತ ತಪ್ಪಿಲ್ಲೆ. ನೀವ್ ದಿನಾ ಕಷ್ಟ ಪಟ್ರಿ.”

ಸುಮ್ಮನಿದ್ದರೆ ಸಾಕಿತ್ತು. ಅವಳು ಕಣ್ಣೊರೆಸಿಕೊಳ್ಳುತ್ತಿದ್ದದ್ದು ಅವನೆದುರಿಗೇ, ಧೈರ್ಯ ಕೇಳುತ್ತಿದ್ದದ್ದು ಅವನನ್ನೇ. ಅನೂಪ್ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

ಅವಳು ಇಮೇಲಿನ ದಿನಾಂಕ ಓದಿದಳು. ವೇಳೆ ಓದಿದಳು.

“ಬುಧವಾರ.”

“ಹೌದ್.”

“ಆ ದಿನ ಸಂಜಿಗ್ ನಾನ್ ಇಲ್ಲೇ ಕೂತಿದ್ದೆ.”

“ಹೌದ್.”

“ಎಂತಕ್ಕೆ?”

“ಕೆಲ್ಸ ಮುಗ್ದ್ರೆ ನೀನ್ ಬತ್ತಿಲ್ಲೆ ಅಂದೇಳಿ.”

ವಿನಯಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಬಾ ಅಂದಿರೆ ಬತ್ತಿದ್ದೆ,” ಎಂದಳು. ಕೂಗಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಫೋನನ್ನು ಅವನತ್ತ ದೂಡಿದಳು. “ಈಗ ಹಾಕ್.”

ಅವನು ಸ್ಕ್ಯಾನ್ ಮಾಡಿದ. ಈ ಸಲ ಎಲ್ಲೂ ನಿಲ್ಲಲಿಲ್ಲ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಸಿಗ್ನಲ್ ಬಂತು. ಅದರ ಹಿಂದೆಯೇ ತಪ್ಪಿದ ಕರೆಗಳ ಮೆಸೇಜುಗಳು ಬಂದವು. ಅಪ್ಪಯ್ಯ. ಅಪ್ಪಯ್ಯ. ಅಪ್ಪಯ್ಯ. ಹೊಸ ಫೋನ್ ಮೇಜಿನ ಮೇಲೆ ನಡುಗುತ್ತಲೇ ಇತ್ತು. ಇಬ್ಬರೂ ಅದು ನಿಲ್ಲುವವರೆಗೆ ನೋಡಿದರು.

“ನಂಗ್ ಹೇಳಿರೆ ಆತಿಲ್ಲೆ,” ಎಂದಳು. “ಹಲಗಿ ಕಂಡ್ ನಂಬರ್ ಒತ್ತಿದ್ದ್ ಅಪ್ಪಯ್ಯ. ಅವ್ರ ಹತ್ರ ಹೇಳ್ಬೇಕ್.”

ಭಾನುವಾರ ಅನೂಪ್ ಮರವಂತೆಗೆ ಹೋದ. ದೇವು ದಡಕ್ಕೆ ಎಳೆದಿಟ್ಟ ದೋಣಿಯ ನೆರಳಿನಲ್ಲಿ, ಬ್ಯಾಂಡೇಜಿನ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ಅನೂಪ್ ನಿಂತೇ ಎಲ್ಲವನ್ನೂ ಹೇಳಿದ. ದೇವು ದೋಣಿಯ ಕಡೆ ನೋಡಿದರು.

“ಐದ್ ಜನ ಇದ್ದಿತ್ ಅದ್ರಗೆ,” ಎಂದರು. “ಐದ್ ಮನಿ.”

“ಗೊತ್ತ್.”

“ಹೆಣ್ಣಿನ ಕಾಂಬುಕೆ ಆಸಿ ಆರೆ ಮೀನ್ ತಕಂಬುಕೆ ಬಪ್ಪುದಲ್ದಾ, ಮಂಗ?”

ದೇವು ಪೇಂಟಿನ ಡಬ್ಬ ತೋರಿಸಿದರು. “ನನ್ ಕೈ ಆತಿಲ್ಲೆ. ಅವ್ಳ ನಂಬರಿನ ಕೆಳಗೆ ನಿಂದ್ ಬರಿ. ಅದ್ ಒಂದ್ ದಿನವೂ ಬಂದ್ ಆಪುಕಾಗ.”

ಅವನು ದೋಣಿ ಹತ್ತಿ, ಬಗ್ಗಿ ಬರೆದ. ವಿನಯಾ ದೂರದಲ್ಲಿ ನಿಂತಿದ್ದವಳು ಹತ್ತಿರ ಬಂದು ಇಣುಕಿದಳು.

“ಆ ಏಳ್ ಒಂದ್ರ ಹಾಂಗ್ ಇತ್ತ್,” ಎಂದಳು.

ಅವನು ಒರೆಸಿ ಮತ್ತೆ ಬರೆದ. ಅವಳು ಬೇರೇನೂ ಹೇಳದೆ ಹೋದಳು. ಆಮೇಲೆ ಅವನ ಕರೆಗಳನ್ನು ಎತ್ತಲಿಲ್ಲ.

ಕೈ ವಾಸಿಯಾಗಿ ದೇವು ಸಮುದ್ರಕ್ಕಿಳಿದ ಮೊದಲ ದಿನ, ಮಧ್ಯಾಹ್ನ ಮೂರಕ್ಕೆ ಅನೂಪನ ಫೋನ್ ರಿಂಗಾಯಿತು. ಗಾಳಿಯ ಸದ್ದಿನ ನಡುವೆ ದೇವುವಿನ ಧ್ವನಿ.

“ಟವರ್ ಸಿಕ್ತ್. ಬಂಗುಡಿ ಮೀನ್. ವಿನಯಾಂಗೆ ಹೇಳ್.”

“ಮೇಲೆ ಅವ್ಳ ನಂಬರ್ ಇತ್ತಲ್ದಾ?”

“ಇತ್ತ್. ಕೆಳಗಿನ್ ನಂಬರ್ ಸಮ ಇತ್ತಾ ಕಾಂಬ ಅಂದೇಳಿ.”

ಅನೂಪ್ ಅವಳ ನಂಬರ್ ಒತ್ತಿದ. ಎರಡನೇ ರಿಂಗಿಗೆ ವಿನಯಾ ಎತ್ತಿದಳು.

“ಬಂಗುಡಿ ಅಂಬ್ರ,” ಎಂದ.

“ಐಸಿಗ್ ಹೇಳ್ತೆ.” ಅವಳು ಫೋನ್ ಇಡಲಿಲ್ಲ. “ನಿಮ್ಗ್ ಮೀನ್ ಬೇಕಿತ್ತಾ?”

“ಬೇಕಿತ್ತ್.”

“ಹಂಗಾರೆ ಬೇಗ ಬನ್ನಿ. ಆಮೇಲ್ ಉಳೂದಿಲ್ಲೆ.”

ನಾಲ್ಕರ ಬಸ್ಸು ಹೆಮ್ಮಾಡಿಗೆ ಬಂದಾಗ ಮೊಬೈಲ್ ಅಂಗಡಿಯ ಬಾಗಿಲು ಮುಚ್ಚಿತ್ತು.