ಮುಳುಗಿದ ಕಾಡಿನ ಉಸಿರು

ಬಲು ಹಿಂದೆ, ಬೆಟ್ಟಗಳಾಚೆ ಹೊಂಗೇರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಕಿಚ್ಚಮಾರನೆಂಬ ಮಾಂತ್ರಿಕ ಬಂದ. ಕಾಡನ್ನೆಲ್ಲ ಬೂದಿ ಮಾಡಿದ. ಒಲೆಒಲೆಯ ಬೆಂಕಿ ಕಸಿದು, ಕಿರೀಟ ಮಾಡಿ ತಲೆಗಿಟ್ಟುಕೊಂಡ. ಚಳಿಗೆ ರಾಜನೂ ಸತ್ತ.

ಉಳಿದದ್ದು ಒಂದೇ ದೀಪ. ಅದು ಬಾವಿ ತೋಡುವ ಹುಲುಗನ ಮನೆಯಲ್ಲಿತ್ತು.

"ಮಂಗ್ಯಾ, ಕೂಸಿನ ತುಟಿ ನೀಲಿ ಆಗ್ಯಾವಲೇ," ಅಂದಳು ಅವನ ಅಕ್ಕ ದ್ಯಾಮವ್ವ. "ಉರಸಾಕ ಒಂದು ಕಡ್ಡೀನೂ ಇಲ್ಲ."

"ನೆಲದಡಿ ಒಂದು ಕಾಡು ಮುಳುಗೈತಂತ ಅಜ್ಜ ಹೇಳ್ತಿದ್ದ. ಅಗದು ತರ್ತೀನಿ."

"ಅಗಿಯಾಕ ಅದೇನು ಗೆಣಸೇನೋ!"

ಬೈಯುತ್ತಲೇ ಅವಳು ಮಣ್ಣಗುಡ್ಡೆಯ ಮರೆಯಲ್ಲಿ ಕೂಸನ್ನು ಮಡಿಲಿಗೆ ಹಾಕಿಕೊಂಡು ಹಗ್ಗ ಹಿಡಿದು ಕೂತಳು. ಹುಲುಗ ದೀಪದೊಂದಿಗೆ ಅಗೆಯುತ್ತ ಇಳಿದ.

ಮೊದಲು ಕೆಂಪು ಮಣ್ಣು. ಅದರೊಳಗೆ ಕೋಣದಷ್ಟು ದಪ್ಪದ ಎರೆಹುಳು. "ತಿರುಗಿ ಹೋಗು," ಅಂತು. ಹುಲುಗ ಅದರ ಮೈಮೇಲೇ ಜಾರಿ ಇಳಿದ.

ಆಮೇಲೆ ಬಿಳಿ ಜೇಡಿ. ಜೇಡಿಗೆ ಕೈಗಳಿದ್ದವು. "ತಿರುಗಿ ಹೋಗು," ಅಂತ ಕಾಲು ಹಿಡಿದವು. ಚಪ್ಪಲಿ ಅವಕ್ಕೇ ಬಿಟ್ಟು ಇಳಿದ.

ಆಮೇಲೆ ಕಲ್ಲು. ಪದರ ಎಬ್ಬಿಸಿದಂತೆಲ್ಲ ಯಾರೂ ಕಂಡಿರದ ಎಲೆಗಳ ಅಚ್ಚು. ಗಾಳಿಯಿಲ್ಲದೆ ಅಲುಗುತ್ತಿದ್ದವು. "ತಿರುಗಿ ಹೋಗು. ನಮ್ಮ ಕೆಳಗೆ ಉಸಿರು ಮಲಗಿದೆ. ಬೆಂಕಿ ಕಂಡರೆ ಏಳುತ್ತದೆ." ಹುಲುಗ ಕೂಸಿನ ತುಟಿ ನೆನೆದು ಇಳಿದ.

ಅಲ್ಲಿತ್ತು ಕಾಡು. ಮರದ ಮೇಲೆ ಮರ ಮಲಗಿ, ನೆಲದ ಭಾರಕ್ಕೆ ಒತ್ತಿ, ಕಪ್ಪು ಕಲ್ಲಾಗಿ ಮಿಂಚುತ್ತಿತ್ತು.

ಕೆಟ್ಟ ಗಾಳಿಗೆ ದೀಪ ಆರಿದರೆ ಮೇಲೆ ಬಾ, ಇದು ಬಾವಿಯವರ ಲೆಕ್ಕ. ದೀಪ ಆರಲಿಲ್ಲ, ಬೆಳೆಯಿತು. ನಾಗರದ ಹಾಗೆ ನೀಲಿ ಹೆಡೆ ಎತ್ತಿತು.

"ದೀಪ ಎತ್ತಿ ಹಿಡಿ ತಮ್ಮಾ, ನಿನ್ನ ಮುಖ ನೋಡ್ತೀನಿ." ಅಕ್ಕನ ದನಿ.

ದೀಪ ಎತ್ತಹೋದ ಹುಲುಗ ತಟ್ಟನೆ ನಿಂತ. ಹುಟ್ಟಿದಂದಿನಿಂದ ಅಕ್ಕ ಅವನನ್ನು ತಮ್ಮಾ ಅಂದವಳಲ್ಲ. ನಾಡಿನ ಕೊನೆಯ ಬೆಂಕಿಯನ್ನು ಉಫ್ ಎಂದು ಊದಿಬಿಟ್ಟ.

ತಣ್ಣನೆಯ ಮೂಗೊಂದು ಕತ್ತಲಲ್ಲಿ ಅವನ ಕತ್ತು ಮೂಸಿತು. ಬೆಂಕಿ ಸಿಗದೆ ಸುಮ್ಮನಾಯಿತು. ಹುಲುಗ ತಡವುತ್ತ ಬುಟ್ಟಿ ತುಂಬಿ ಹಗ್ಗ ಅಲುಗಿಸಿದ. ಅಕ್ಕ ಅವನನ್ನೂ ಬುಟ್ಟಿಯನ್ನೂ ಮೇಲೆಳೆದಳು.

"ದೀಪ ಎಲ್ಲೋ ಮಂಗ್ಯಾ?"

"ಆರಿಸಿದೆ ಅಕ್ಕಾ."

ಅಷ್ಟರಲ್ಲಿ ನಗುತ್ತ ಕಿಚ್ಚಮಾರ ಬಂದ. "ಕೊನೆಯದೂ ಹೋಯಿತೇ?"

"ಇಲ್ಲ ಸ್ವಾಮಿ, ಒಳಗ ಮಿಣಿಮಿಣಿ ಅಂತೈತಿ. ಬಗ್ಗಿ ನೋಡ್ರಿ," ಅಂದ ಹುಲುಗ. ಅಂದವನೇ ಅಕ್ಕನನ್ನೂ ಕೂಸನ್ನೂ ಗುಡ್ಡೆಯ ಮರೆಗೆ ಒತ್ತಿ ಹಿಡಿದ.

ಮಾಂತ್ರಿಕ ಬಗ್ಗಿದ. ಉಸಿರು ಕಿರೀಟವನ್ನು ಕಂಡಿತು.

ನೆಲ ಗುಡುಗಿತು. ಕಿಚ್ಚಮಾರನ ಬೂದಿಯೂ ಸಿಗಲಿಲ್ಲ. ಕಿರೀಟ ಒಡೆದು ನಾಡಿನ ಮೇಲೆಲ್ಲ ಕಿಡಿ ಸುರಿಯಿತು. ಒಂದು ಕಿಡಿ ಬುಟ್ಟಿಗೆ ಬಿತ್ತು. ಕಲ್ಲು ಹೊಗೆಯಾಡಿತು, ಕೆಂಪಾಯಿತು. ಕೂಸು ಕಿರುಚಿ ಅತ್ತಿತು.

ಹೊಂಗೇರಿಯ ಒಲೆಗಳು ಮತ್ತೆ ಉರಿದವು, ಜನ ಬೆಚ್ಚಗೆ ಉಂಡು ಮಲಗಿದರು. ಆ ಕಲ್ಲಿಗೆ ಅವರಿಟ್ಟ ಹೆಸರು ಕಲ್ಲಿದ್ದಲು. ಅಲ್ಲಿ ಇಂದಿಗೂ ಗುಂಡಿಗೆ ಇಳಿದವರನ್ನು ಮೇಲಿನವರು ಬೈದೇ ಕರೆಯುತ್ತಾರೆ. ಮುದ್ದಾಗಿ ಕರೆದರೆ ಕೆಳಗಿನವರು ಓಗೊಡುವುದಿಲ್ಲ.