ಮಗಳ ತುಟಿಯ ಉರಿ

ನಂಬಿದರೆ ನಂಬಿ. ನನ್ನ ಪುಟ್ಟ ಮಗಳ ತುಟಿಯ ಉರಿ ಯಾವ ಮುಲಾಮಿಗೂ ಜಗ್ಗಲಿಲ್ಲ. ಡಾಕ್ಟರು ಹೇಳಿದಂತೆ ಟೂತ್‌ಪೇಸ್ಟ್ ಬದಲಾಯಿಸಿದೆ, ಖಾರ ಬಿಡಿಸಿದೆ. ತುಟಿ ಕೆಂಪಗೇ ಇತ್ತು. ಒಂದು ಸಂಜೆ ಅವಳು ಬೀರುವಿನೊಳಗೆ ತಲೆ ತೂರಿಸಿ, ತೀರಿಕೊಂಡ ತಾಯಿಯ ಉಣ್ಣೆ ಶಾಲಿಗೆ ಮುತ್ತಿಡುತ್ತಿದ್ದುದನ್ನು ಕಂಡೆ.

"ಅಪ್ಪಾ, ಅಮ್ಮನೂ ವಾಪಸ್ ಕೊಡ್ತಾಳೆ. ಆದ್ರೆ ತುಂಬಾ ಬಿಸಿ," ಎಂದಳು.

ಉಣ್ಣೆ ಚುಚ್ಚಿರಬೇಕೆಂದು ಮುಟ್ಟಿ ನೋಡಿದೆ. ಉಳಿದ ಬಟ್ಟೆಗಳೆಲ್ಲ ತಣ್ಣಗಿದ್ದವು. ಶಾಲು ಮಾತ್ರ ಆಗಷ್ಟೇ ಇಸ್ತ್ರಿ ಮಾಡಿದಂತೆ ಕೈ ಸುಟ್ಟಿತು. ಜ್ವರದಲ್ಲಿ ಅದನ್ನೇ ಹೊದ್ದು ಮಲಗಿದ್ದವಳು, ಮಗುವಿಗೆ ತಗುಲೀತೆಂದು ಕೊನೆಯವರೆಗೂ ಒಂದು ಮುತ್ತು ಕೊಟ್ಟಿರಲಿಲ್ಲ. ನನಗೆ ಹೆದರಿಕೆಗಿಂತ ಮೊದಲು ಅಳು ಬಂತು.

"ಮೆಲ್ಲಗೆ ಕಣೇ, ಮಗೂಗೆ ಸುಡುತ್ತೆ," ಎಂದೆ ಶಾಲಿಗೆ.

ವಾರದೊಳಗೆ ತುಟಿ ವಾಸಿಯಾಯಿತು. ಮಗಳು ಈಗಲೂ ದಿನಾ ಮುತ್ತಿಡುತ್ತಾಳೆ. ಶಾಲು ಉಗುರುಬೆಚ್ಚಗಿರುತ್ತದೆ.